ಬಿಸಿನೀರಿಗೆ ಹೋದಾಗ

ನಾಲ್ಕು ಜನ, ನಾಲ್ಕು ಬೆನ್ನುಚೀಲ.
ಮಾವನದು ನನ್ನ ಮಗನ ಹಳೇ ಶಾಲೆಯ ಚೀಲ,
ಅದರ ಮೇಲೊಂದು ಬಣ್ಣ ಮಾಸಿದ ರಾಕೆಟ್ಟು.
ಹೊಸದು ಕೊಳ್ಳೋಣ ಅಂದೆ. ಎಪ್ಪತ್ತಾರಕ್ಕೆ ಹೊಸ ಚೀಲ ಯಾಕೆ,
ಅದು ನನಗಿಂತ ಹೆಚ್ಚು ಬಾಳುತ್ತೆ, ಅಂದರು.

ತಿಯಾನ್‌ಜಿನ್ನಿಂದ ಚೆಂಗ್ಡುವರೆಗೆ ನುಣ್ಣಗೆ ಬಂದೆವು,
ಲೋಟದ ನೀರು ಕದಲದ ರೈಲಿನಲ್ಲಿ.
ಮಾವನಿಗೆ ಸಿಟ್ಟು. ಇದೂ ಒಂದು ರೈಲೇ?
ಕಿಟಕಿ ತೆರೆಯೋಲ್ಲ,
ದಾರಿಯ ಒಂದೂರನ್ನೂ ಮಾತಾಡಿಸೋಲ್ಲ.

ಆಮೇಲೆ ಬಸ್ಸು. ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ
ತಿರುವಿಗೊಂದು ಹಾರ್ನು ಹೊಡೆಯುವ ಡ್ರೈವರು.
ಶಿಯಾವೊಹು ಎರಡು ಸಲ ಕಾರಿಕೊಂಡ.
ನನ್ನ ಲೆಕ್ಕದ ಪುಸ್ತಕದಲ್ಲಿ: ಬಸ್ಸು ಮುನ್ನೂರಾ ಇಪ್ಪತ್ತು,
ಕಿತ್ತಳೆ ಹನ್ನೆರಡು, ವಾಂತಿಯ ಚೀಲ ಪುಕ್ಕಟೆ.

ಪುಶಿಯೊಂಗ್‌ನಲ್ಲಿ ಹತ್ತಿದ ಹಸಿರು ರೈಲು ಮಾತ್ರ
ಮಾವನ ಲೆಕ್ಕದಲ್ಲಿ ರೈಲು.
ಸೀಟಿನಡಿ ಬಾತುಕೋಳಿ, ನಡುದಾರಿಯಲ್ಲಿ ಮೂಲಂಗಿ ಹೊರೆ,
ಹೊರೆಯ ಮೇಲೆ ಕಪ್ಪು ಉಣ್ಣೆ ಹೊದ್ದ ಯೀ ಹೆಂಗಸರು.
ನಮ್ಮ ಮಾತು ಅರ್ಧ ತಿಳಿದು ಪೂರ್ತಿ ನಕ್ಕರು.
ಒಬ್ಬಾಕೆ ಸುಟ್ಟ ಆಲೂಗಡ್ಡೆ ಮುರಿದು ಹುಡುಗನ ಕೈಗಿಟ್ಟಳು,
ದುಡ್ಡು ಅಂದರೆ ನೊಣ ಓಡಿಸುವ ಹಾಗೆ ಕೈ ಬೀಸಿದಳು.

ಇಪ್ಪತ್ತರ ಹರೆಯದಲ್ಲಿ ಮಾವ ಇಲ್ಲಿ ಕಲ್ಲು ಕೊರೆದವರು.
ಎರಡು ವರ್ಷ, ಒಂದು ಬೆಟ್ಟ, ಮುನ್ನೂರಾ ಹತ್ತು ಮೀಟರು.
ಅದಕ್ಕಿಂತ ಹೆಚ್ಚು ಎಂದೂ ಬಾಯಿ ಬಿಟ್ಟವರಲ್ಲ.
ಸಿಗರೇಟು ಪೊಟ್ಟಣದ ಹಿಂದೆ ಸುರಂಗಗಳ ಎಣಿಕೆ ಬರೆದಿಟ್ಟು
ಒಂದರ ಸುತ್ತ ಪೆನ್ಸಿಲಿನಿಂದ ಸುತ್ತು ಹಾಕಿದ್ದರು.
ಹದಿನೇಳಕ್ಕೆ ಎಲ್ಲರೂ ಸುಮ್ಮನಿರಬೇಕು.

ಕತ್ತಲೆ, ಬೆಳಕು. ಕತ್ತಲೆ, ನದಿ. ಕತ್ತಲೆ,
ಜೋಳದ ತೆನೆ ಇಳಿಬಿಟ್ಟ ಒಂದು ಸೂರು. ಕತ್ತಲೆ.
ಹದಿಮೂರಾಗುವಾಗ ಶಿಯಾವೊಹುಗೆ ಮತ್ತೆ ಹಸಿವು
(ಆಲೂಗಡ್ಡೆ ಎಲ್ಲಿ ಹೋಯಿತೋ!)
ನಾನು ತರ್ತೀನಿ ಅಂತ ಮಾವನೇ ಎದ್ದರು,
ಶಾವಿಗೆಯ ಕಾಗದದ ಬಟ್ಟಲು ಹಿಡಿದು
ಡಬ್ಬಿಯ ಕೊನೆಯ ಬಾಯ್ಲರಿಗೆ, ಬಿಸಿನೀರಿನ ಸಾಲಿಗೆ.
ಇನ್ನೂ ನಾಲ್ಕಿದೆ, ಬೇಕಾದಷ್ಟು ಹೊತ್ತಿದೆ.

ಹೊತ್ತಿರಲಿಲ್ಲ. ಬೆಟ್ಟಗಳು ಒತ್ತೊತ್ತಾಗಿ ಬಂದವು,
ಹದಿನಾಲ್ಕು ಹದಿನೈದು ಒಂದೇ ಉಸಿರಿಗೆ.
ಹದಿನಾರರಲ್ಲಿ ನನ್ನ ಗಂಡ ಕರೆತರಲು ಓಡಿ
ಮೂಲಂಗಿ ಹೊರೆಗೆ ಎಡವಿ ಬಿದ್ದ.
ಹದಿನೇಳರಲ್ಲಿ ನಾನು, ಮಗ.
ಕತ್ತಲಲ್ಲಿ ಅವನು ಪಿಸುಗುಟ್ಟುತ್ತ ಎಣಿಸಿದ.

ಮಾವ ಬಂದರು, ಒಂದು ಹನಿ ಚೆಲ್ಲದ ಬಟ್ಟಲು ಎರಡೂ ಕೈಯಲ್ಲಿ.
ಎಷ್ಟಾಯಿತು?
ಮಗ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ.
ಹೋಯ್ತು ತಾತ. ಇಪ್ಪತ್ತೊಂಬತ್ತಕ್ಕೆ ಬೆಳಕು ಬಂತು.
ಮಾವ ಬಟ್ಟಲಿನ ಮುಚ್ಚಳ ಒತ್ತಿ,
ಮೂರು ನಿಮಿಷ ಬಿಡು, ಇಲ್ಲಾಂದ್ರೆ ಗಟ್ಟಿ ಇರುತ್ತೆ, ಅಂದರು.

ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆವು.
ಟ್ಯಾಕ್ಸಿ ಅಂದರೆ ಆಜುವೊ ಲಾಪುವಿನ ಬಿರುಕುಗಾಜಿನ ಕಾರು.
ನೂರೈವತ್ತು ಕೇಳಿದ. ನೂರಾ ಇಪ್ಪತ್ತಕ್ಕೆ ಇಳಿಸಿದೆ.
ಸುರಂಗದ ಬಾಯಿಗೆ ತಂತಿಬೇಲಿ.
ಮಾವ ಅದಕ್ಕೆ ಬೆನ್ನು ಹಾಕಿ ಎದುರಿನ ಇಳಿಜಾರು ನೋಡಿದರು.
ಅಲ್ಲಿ ಡೇರೆ, ಅಲ್ಲಿ ಒಲೆ, ಹಂಡೆ.
ಅವತ್ತೂ ನಾನು ಬಿಸಿನೀರಿಗೆ ಹೋಗಿದ್ದೆ, ಅಂದರು,
ಎಲ್ಲರ ಸರದಿ ಆಗಿ ನನ್ನ ಸರದಿ.

ಒಳಗೆ ಎಷ್ಟು ಜನ ಇದ್ದರು ಅಂತ
ನಾವು ಕೇಳಲಿಲ್ಲ. ಶಿಯಾವೊಹು ಕೇಳಿದ.
ಮಾವ ಹೆಸರು ಹೇಳುತ್ತ ಬೆರಳು ಮಡಿಸತೊಡಗಿದರು,
ಒಂದು ಕೈ ಮುಗಿಯಿತು. ಎರಡನೆಯದಕ್ಕೆ
ಗೂಡ್ಸು ಗಾಡಿ ಬಂದು ತುಟಿ ಮಾತ್ರ ಕಂಡವು.
ಲಾಪು ಸಿಗರೇಟು ಹಚ್ಚಿ ಅವರ ಬಾಯಿಗಿಟ್ಟ.

ರಾತ್ರಿ ಪುಸ್ತಕ ತೆಗೆದು ಬರೆದೆ:
ಶಾವಿಗೆ ಐದು. ಟ್ಯಾಕ್ಸಿ ನೂರೈವತ್ತು.
ಆಲೂಗಡ್ಡೆ, ಅಂತ ಬರೆದು
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.