ಹೆಸರು

ದೇಶಕ್ಕ ಅದು ಆಗಸ್ಟಿನ ನಡುರಾತ್ರಿ ಬಂತಂತ.
ನಮ್ಮ ಕಾಗಿಣಾ ದಂಡೀಗಿ ಬರ್ಲಾಕ
ಇನ್ನೂ ಹದಿಮೂರು ತಿಂಗಳು ಹಿಡೀತು.
ಬಂತು ಹಗಲಹೊತ್ತಿನಾಗ, ಲಾರಿ ಧೂಳಿನಾಗ;
ಹೊಲದಾಗ ಹೆಸರು ಬಿಡಿಸೋ ಮಂದಿ
ತಲಿ ಎತ್ತಿ ನೋಡಿ ಮತ್ತ ಬಗ್ಗಿದರು.
ಸಂಜೀತನಕ ಗಢಿಯ ಪಾಲು ತುಂಬಬೇಕಿತ್ತು.

ಅದರ ಹಿಂದಿನ ವರ್ಷದ ಮಾತು
ನಮ್ಮಜ್ಜಿ ಯಾವತ್ತೂ ಹೇಳಲಿಲ್ಲ.
ಯಾರ ಮನಿ ಮೊದಲು ಉರೀತು, ಯಾರದು ಆಮ್ಯಾಲೆ,
ಕೇಳಿದರ ಸೊಂಟದ ಚೀಲದಿಂದ ಎಲಿ ತೆಗೆದು
ಸುಣ್ಣ ಹಚ್ಚತಿದ್ದಳು, ಭಾಳ ಹೊತ್ತು.

ಜಾಗೀರು ಹೋಯ್ತು ಅಂತ ಡಂಗುರ ಸಾರಿದವ
ಗಢಿಯ ಬಿಟ್ಟಿ ಆಳೇ, ದೇವಿಂದ್ರ.
ಸಾರಿ ಬಂದು ಹಲಗಿ ಗೂಟಕ್ಕ ಹಾಕಿ
ಗಢಿಯ ಎತ್ತಿಗೆ ನೀರು ಕುಡಿಸಿದ.

ಮತ್ತೊಂದು ಹೆಸರಿನ ರಾಶಿ.
ಸೈಕಲ್ ತುಳಕೊಂತ ಬಂದ ಕಾರಕೂನ ಖಲೀಲ ಮಿಯಾ,
ಸೇಡಂ ತಹಶೀಲಿನವ.
ಇಪ್ಪತ್ತು ವರ್ಷ ಬಲದಿಂದ ಎಡಕ್ಕ ಬರದ ಕೈ
ಈಗ ಎಡದಿಂದ ಬಲಕ್ಕ ತೆವಳತಿತ್ತು.
ಅವನ ತಮ್ಮ ಆ ಸೆಪ್ಟೆಂಬರಿನಾಗ ಮನಿ ಬಿಟ್ಟವ
ತಿರುಗಿ ಬಂದಿರಲಿಲ್ಲ.
ಅದನ್ನೂ ಊರಾಗ ಯಾರೂ ಕೇಳಲಿಲ್ಲ.

'ನಿನ್ನ ಹೆಸರೇನವ್ವ?'
'ಹೆಸರು ಈ ಸಲ ಎರಡೇ ಚೀಲರಿ ಸಾಹೇಬ,
ಒಂದು ಗಢಿಗೆ ಹೋತು.'
'ಅದಲ್ಲ. ನಿನ್ನ ಹೆಸರು.'
'ನಂದಂತ ಎಲ್ಲಿ ಅದ? ಪಾಲಿಗಿ ಮಾಡಿದ್ದು.'

ಅವ ನಗಲಿಲ್ಲ. ದೌತಿ ಮುಚ್ಚಿ ಕಟ್ಟಿಮ್ಯಾಲೆ ಕುಂತು
ನೀರು ಕೇಳಿದ. ಅವಳು ಕೊಡಲಿಲ್ಲ.
ಓಣಿ ಹೊರಗಿನ ಮಂದಿ ಯಾರೂ
ಆ ಕೈಯ ನೀರು ಕುಡಿದಿರಲಿಲ್ಲ.
ಅವನೇ ಎದ್ದ, ಕೊಡದಾಗ ಚರಗಿ ಅದ್ದಿದ, ಕುಡಿದ.
ಮೀಸಿ ಒರಸಿಕೊಂತ ಕೇಳಿದ:
'ಸಣ್ಣಾಕಿ ಇದ್ದಾಗ ನಿಮ್ಮವ್ವ ಏನಂತ ಕರೀತಿದ್ದಳು?'

ಮೂವತ್ತು ವರ್ಷ ಅವಳು 'ಏ' ಆಗಿದ್ದಳು,
'ಸಿದ್ರಾಮನ ಹೆಣ್ತಿ', 'ಕಸದಾಕಿ'.
ನೆಲ ನೋಡಕೊಂತ ಅಂದಳು: ಶಾಣವ್ವ.
ಕಾರಕೂನ ಬರದ: ಸಾಣವ್ವ.
ಹೊಸ ಅಕ್ಷರ, ಪಾಪ, ಇನ್ನೂ ಪಳಗಿರಲಿಲ್ಲ.
ಹಿಂಗ ನಮ್ಮಜ್ಜಿ
ಕುಡುಗೋಲು ಮಸೆಯೋ ಸಾಣಿಯಾಗಿ
ಗಣರಾಜ್ಯದೊಳಗ ಹೋದಳು.

ಓಟಿನ ದಿನ ಶಾಲಿಯ ಫರ್ಸಿಮ್ಯಾಲೆ ಹೆಂಗಸರ ಸಾಲು.
ಗಢಿಯ ದೊರೆಸಾನಿ ಗಾಡಿ ಇಳಿದು ಸೀದಾ ಬಾಗಿಲಿಗೆ ಬಂದಳು.
'ಸಾಲಿನಾಗ ನಿಲ್ರಿ' ಅಂದ ಒಬ್ಬ ಹುಡುಗ, ಕನ್ನಡಕದವ.
ದೊರೆಸಾನಿ ನಿಂತಳು. ಶಾಣವ್ವನ ಹಿಂದ.
ಬೆನ್ನಮ್ಯಾಲೆ ಬೆವರು ಇಳೀತು ನಮ್ಮಜ್ಜಿಗಿ,
ಜಾಗಾ ಬಿಡಲೇನು ಅಂತ ಎರಡು ಸಲ ಹೊಳ್ಳಿ ನೋಡಿದಳು,
ಬಿಡಲಿಲ್ಲ.
ಡಬ್ಬಿಯೊಳಗ ಚೀಟಿ ಹಾಕಿ ಕೇಳಿದಳು:
'ಇಷ್ಟೇ ಏನ್ರಿ?'
'ಇಷ್ಟೇ. ನಡಿ ಹೊರಗ.'
ಹೊರಗ ಬಂದು ಗಢಿಗೇ ಹೋದಳು, ಹೆಂಡಿ ಬಳೀಲಾಕ.
ಬೆರಳಿನ ಮಸಿ ಸಗಣಿಯಾಗೂ ಹೋಗಲಿಲ್ಲ.

ಗಢಿ ಈಗ ಬಿದ್ದದ. ಅದರ ಕಲ್ಲು
ಎಂಟು ಮನಿಯ ಬುನಾದಿಯಾಗ ಅವ,
ನಮ್ಮ ಮನಿಯಾಗ ಎರಡು.
ನಾನು ಪಂಚಾಯ್ತಿ ಅಧ್ಯಕ್ಷಿ, ಮೀಸಲು ಕುರ್ಚಿ.
ಬಂದ ಗುತ್ತಿಗೆದಾರ ನನ್ನ ತಲಿಮ್ಯಾಲಿಂದ ಕಣ್ಣಾಡಿಸಿ
'ಯಜಮಾನರು ಇಲ್ಲೇನ್ರಿ?' ಅಂತಾನ.
ಅಗಸಿ ಓಣಿ ನಳ ಮುಂಜಾನಿ ಬರತದ,
ನಮ್ಮ ಓಣಿದು ಬರೇ ಕಾಗದದಾಗ ಹರೀತದ.
'ಇಷ್ಟೇ ಏನ್ರಿ?' ಅಂತ ನಾನೂ ಕೇಳೀನಿ,
ಕಲಬುರಗಿ ಸಭಾದಾಗ, ಮೈಕ್ ಹಿಡಕೊಂಡು.
ಮೈಕು ಕೀರಲಿತು. ಮಂದಿ ನಕ್ಕರು.
ನಾನು ಮತ್ತ ಕೇಳಿದೆ.

ಹೋದ ವಾರ ಗುತ್ತಿಗೆದಾರನ ಬಿಲ್ಲು ವಾಪಸ್ ಕಳಿಸೀನಿ,
ನಳ ಹಾಕದೇ ಸಹಿ ಇಲ್ಲ ಅಂತ ಬರದು.
ನನ್ನ ಹೆಸರು ಏನಂತೀರಿ?
ಇಲ್ಲಿ ಬರದಿಲ್ಲ.
ರಿಜಿಸ್ಟರಿನಾಗ ಅದ, ಹೋಗಿ ನೋಡ್ರಿ.
ಶ ಸರಿಯಾಗಿ ಬರದೀನಿ.