ನೆಲ ಬಲ್ಲವಳು

ರಾಟರ್‌ಡ್ಯಾಮಿನ ಈ ಹಜಾರದ ನೆಲ
ನನಗೆ ಗೊತ್ತಿರುವಷ್ಟು ಯಾವ ಗುರುವಿಗೂ ಗೊತ್ತಿಲ್ಲ.
ಹನ್ನೊಂದು ವರ್ಷದಿಂದ ಒರೆಸುತ್ತಿದ್ದೇನೆ.
ಕಿಟಕಿ ಕೆಳಗಿನ ಮೂರನೆಯ ಹಲಗೆ
ಕಾಲಿಟ್ಟರೆ ಕಪ್ಪೆಯ ಹಾಗೆ ವಟಗುಟ್ಟುತ್ತದೆ.
ಬಾಗಿಲ ಬಳಿ ಬಣ್ಣ ಸವೆದ ಜಾಗ:
ಶೂರರೆಲ್ಲ ಅಲ್ಲೇ ಒಂಟಿಕಾಲಲ್ಲಿ ಕುಣಿದು
ಬೂಟು ಕಳಚುವುದು,
ಗೋಡೆ ಹಿಡಿದುಕೊಂಡು.

ಸೋಮವಾರ ಹೆನ್ರಿಕೆಯ ಜೂಡೋ.
ದಪ್ಪ ಬಿಳಿ ಅಂಗಿ ತೊಟ್ಟ ಮಕ್ಕಳು
ಡಚ್ ಗಂಟಲಲ್ಲಿ ಜಪಾನೀ ಅಂಕಿ ಎಣಿಸುತ್ತ
ಮೊದಲ ಮೂರು ತಿಂಗಳು ಬರೀ ಬೀಳುತ್ತಾರೆ.
ಹಿಂದಕ್ಕೆ, ಪಕ್ಕಕ್ಕೆ, ಹೆಗಲ ಮೇಲೆ ಉರುಳಿ.
ಗಲ್ಲ ಎದೆಗೆ, ಅಂಗೈ ಚಾಪೆಗೆ, ಫಟ್!
ದುಡ್ಡು ಕೊಟ್ಟು ಬೀಳಲು ಬರುತ್ತಾರಲ್ಲ ಎಂದು
ಮೊದಲ ವರ್ಷ ನಕ್ಕಿದ್ದೆ.
ನಮ್ಮೂರಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು.

ಬುಧವಾರ ಮುದುಕ ಸಾಹೇರ್ತಿಯಾನ್.
ಅವನಪ್ಪ ಮಲುಕು ದ್ವೀಪ ಬಿಟ್ಟು ಹಡಗು ಹತ್ತಿದ್ದು
ಆರು ತಿಂಗಳ ಮಾತಿಗೆ;
ಆ ಆರು ತಿಂಗಳು ಇನ್ನೂ ಮುಗಿದಿಲ್ಲ.
ಸಿಲಾಟ್ ಕಲಿಸುತ್ತಾನೆ, ಹೆಚ್ಚು ಮಾತಿಲ್ಲದೆ.
ಹೆಜ್ಜೆ ಊರುವ ಮುನ್ನ ಕಾಲ್ಬೆರಳ ತುದಿಯಿಂದ
ನೆಲವನ್ನು ಏನೋ ಕೇಳುತ್ತಾನೆ.
ಒದ್ದೆಯಿದ್ದರೆ ಮೊದಲು ಅವನಿಗೇ ತಿಳಿಯುತ್ತದೆ,
ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಾನೆ.
ನಾವಿಬ್ಬರೂ ಮಾತಾಡಿಕೊಳ್ಳುವುದು ಅಷ್ಟೇ.

ಶುಕ್ರವಾರದವನ ಸುದ್ದಿ ಬೇಡ.
ಜುರಂದಿರನ ಬಾಡಿಗೆ ಯಾವತ್ತೂ ತಡ.
ಬಿಲ್ಲಿಗೆ ಸೋರೆಬುರುಡೆ ಕಟ್ಟಿ ಬಾರಿಸುತ್ತಾನೆ,
ಹುಡುಗರು ತಲೆಕೆಳಗಾಗಿ ಒದೆಯುತ್ತಾರೆ,
ಒದೆ ಯಾರಿಗೂ ತಾಗುವುದಿಲ್ಲ.
ಅವನ ಹಾಡಿನ ಭಾಷೆ ನನ್ನ ಭಾಷೆಗೆ ದಾಯಾದಿ,
ಅರ್ಥವಾಗಿಬಿಡುತ್ತದೆ. ಅದೇ ತೊಂದರೆ.
ಬಕೆಟ್ಟಿನ ಬಿಸಿನೀರು ಆರುವ ತನಕ
ನಿಂತುಬಿಡುತ್ತೇನೆ.

ಹೋದ ಜನವರಿ, ಬೆಳಗಿನ ಐದೂವರೆ,
ಟ್ರಾಮ್ ನಿಲ್ದಾಣದ ಮಂಜುಗಡ್ಡೆಯ ಮೇಲೆ
ಕಾಲು ನನ್ನನ್ನು ಬಿಟ್ಟು ಮುಂದೆ ಹೋಯಿತು.
ಯೋಚಿಸಲು ಹೊತ್ತಿರಲಿಲ್ಲ:
ಗಲ್ಲ ಎದೆಗೆ, ಅಂಗೈ ನೆಲಕ್ಕೆ, ಫಟ್!
ಯಾರು ಕಲಿಸಿದರು ಈ ಐವತ್ತೆಂಟರ ಮೈಗೆ?
ಒರೆಸುಕೋಲು ಹಿಡಿದು ಕಂಬದ ಮರೆಯಲ್ಲಿ ನಿಂತ
ಅಷ್ಟೂ ಸೋಮವಾರಗಳು ಒಟ್ಟಿಗೆ ಬಿದ್ದವು.
ಚೀಲದ ಮೊಟ್ಟೆ ಒಡೆದವು, ಸೊಂಟ ಮುರಿಯಲಿಲ್ಲ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ,
ಮೀಸೆ ಇಲ್ಲದವರು ಏನನ್ನಬೇಕು?
ಎದ್ದೆ. ಕೊಡವಿಕೊಂಡೆ. ಟ್ರಾಮ್ ಹತ್ತಿದೆ.

ಆಮೇಲೆ ಇಖ್ಲಾಸ್.
ಗುರುವಾರ, ಹೆಣ್ಣುಮಕ್ಕಳ ಆತ್ಮರಕ್ಷಣೆಯ ತರಗತಿಗೆ
ಎಲ್ಲರಿಗಿಂತ ಮುಂಚೆ ಬರುವ ಹದಿನಾರರ ಹುಡುಗಿ.
ಯಾಕೆ ಕಲಿಯುತ್ತೀ ಎಂದು ನಾನು ಕೇಳಿಲ್ಲ.
"ತಾಂತೆ ಝುಲ್ಮಿರಾ, ನನಗೆ ಜೋಡಿ ಇಲ್ಲ.
ಸ್ವಲ್ಪ ಕೈ ಹಿಡೀರಿ, ಕೆಟ್ಟವರ ಹಾಗೆ."

ಹಿಡಿದೆ.
ಹನ್ನೊಂದು ವರ್ಷ ಬಟ್ಟೆ ಹಿಂಡಿದ ಹಿಡಿತ.
ಎಳೆದಳು, ಜಗ್ಗಿದಳು,
ಕಲಿತ ವರಸೆಯನ್ನೆಲ್ಲ ಹಾಕಿದಳು,
ಕಣ್ಣಲ್ಲಿ ನೀರು ಬಂತು.
"ಹೆಬ್ಬೆರಳ ಕಡೆ ತಿರುಗಿಸು," ಅಂದೆ.
"ನಾಲ್ಕು ಬೆರಳು ಗೋಡೆ, ಹೆಬ್ಬೆರಳು ಬಾಗಿಲು."
ತಿರುಗಿಸಿದಳು. ಬಿಟ್ಟಿತು.

ಬೆರಗಾಗಿ ಕೇಳಿದಳು:
"ನೀವೂ ತರಗತಿಗೆ ಹೋಗ್ತಿದ್ರಾ?"

ಮಿಂಡೆಲೋದ ಒಂದು ಅಡುಗೆಮನೆ,
ಒಲೆಯ ಮೇಲೆ ಕುದಿಯುತ್ತಿದ್ದ ಜೋಳ,
ಮಣಿಕಟ್ಟಿನ ಮೇಲೆ ಐದು ಬೆರಳ ನೀಲಿ.
ಅಲ್ಲಿ ಯಾರೂ ಅಂಕಿ ಎಣಿಸಲಿಲ್ಲ,
ಶುರುವಿಗೆ ಮುನ್ನ ಬಾಗಿ ವಂದಿಸಲಿಲ್ಲ.

"ಒಂದೇ ಪಾಠಕ್ಕೆ," ಅಂದೆ.

ಇನ್ನೊಂದು ಸಲ ಹಿಡೀರಿ ಅಂದಳು.
ಹಿಡಿದೆ, ಇನ್ನಷ್ಟು ಬಿಗಿಯಾಗಿ.
ಉಳಿದ ಹುಡುಗಿಯರು ಬಂದು ಬೂಟು ಬಿಚ್ಚುವ ತನಕ
ಹಿಡಿಯುತ್ತಲೇ ಇದ್ದೆ, ಅವಳು
ಬಿಡಿಸಿಕೊಳ್ಳುತ್ತಲೇ ಇದ್ದಳು.
ಆಗ ಕಣ್ಣಿಗೆ ಬಿತ್ತು ಅವಳ ಕಾಲು. ಬೈದೆ:
ಹುಡುಗೀ, ನೀನೂ ಬಿಚ್ಚು,
ನೆಲ ಇನ್ನೂ ಹಸಿ ಇದೆ.