ಕೈಗೆ ಕೊಡದ ಬೀಜ

ರಾತ್ರಿ ಪಾಳಿ ಮುಗಿಸಿ
ಗುತ್ತಲು ರಸ್ತೆಯ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದರೆ
ಮೊದಲು ಬೀಗ ತೆಗೆಯುವುದಿಲ್ಲ ನಾನು.
ನೇರ ತಾರಸಿಗೆ. ಬ್ಯಾಗು ಹೆಗಲಲ್ಲೇ,
ಮೈಗೆ ವಾರ್ಡಿನ ಫಿನಾಯಿಲು ಅಂಟಿರುವಾಗಲೇ
ಒಂದೊಂದು ಎಲೆಯ ಬೆನ್ನು ತಿರುಗಿಸಿ ನೋಡುತ್ತೇನೆ.
ಹುಳ ಕೂರುವುದು ಬೆನ್ನಿನಲ್ಲಿ.
ಹಾಸಿಗೆ ಹುಣ್ಣೂ ಹಾಗೆಯೇ,
ಮಲಗಿದವರನ್ನು ಮಗ್ಗುಲಾಗಿಸದೆ ಕಾಣುವುದಿಲ್ಲ.

ಏಳು ಪೇಂಟಿನ ಬಕೆಟ್ಟು,
ತಳಕ್ಕೆ ಸ್ಕ್ರೂಡ್ರೈವರ್ ಕಾಯಿಸಿ ಚುಚ್ಚಿದ ತೂತು.
ಗಿಡ ಮಾತ್ರ ಆರು.
ಏಳನೆಯದರ ಮಾತು ಆಮೇಲೆ.

ಕಲಿಸಿದವರು ಬೋರಪ್ಪ, ಕೀಲಾರದ ಕಡೆಯವರು,
ಹದಿನೇಳನೇ ಹಾಸಿಗೆಯ ಸಣ್ಣಮ್ಮನ ಗಂಡ.
ಅವಳಿಗೆ ನಿದ್ದೆ ಹತ್ತಿದ ಮೇಲೆ
ಕಾರಿಡಾರಿನ ಗೋಡೆಗೆ ಒರಗಿ ಕೂರುವರು.
ನಾನು ನೆಲ ಒರೆಸುತ್ತಾ ಅವರ ಕಾಲ ಬಳಿ ಬಂದಾಗ ಒಂದು ಮಾತು,
ತಿರುಗಿ ಬರುವಾಗ ಇನ್ನೊಂದು.

"ನೀರ ಜಾಸ್ತಿ ಉಯ್ಬ್ಯಾಡ ಕನವ್ವ, ಬೇರು ಕೊಳ್ತೋಯ್ತದೆ.
ಎಲೆ ವಸಿ ಸೋತಂಗೆ ಕಾಣ್ಬೇಕು, ಆಗ ಉಯ್ಯಿ."

"ಗೇಣುದ್ದ ಆದೇಟ್ಗೆ ಕುಡಿ ಚಿವುಟು. ಅಯ್ಯೋ ಅನ್ಬ್ಯಾಡ.
ಚಿವುಟುದ್ರೆ ತಾನೆ ಕವಲು ಒಡಿಯಾದು."

"ಹೂವ ಬುಟ್ಟಾಗ ಬೆಳಿಗ್ಗೆ ಹೊತ್ತು ಮೆಲ್ಲಗೆ ಅಲ್ಲಾಡ್ಸು.
ತಾರ್ಸಿ ಮ್ಯಾಕೆ ಜೇನ್ನೊಣ ಎಲ್ಲಿ ಬತ್ತದೆ?"

ಒಳಗೆ ಸಣ್ಣಮ್ಮ ಕೆಮ್ಮಿದರೆ
ಪಾಠ ಅರ್ಧಕ್ಕೇ ನಿಂತು ಟವಲು ಎದ್ದು ಹೋಗುತ್ತಿತ್ತು.
ಗೊಬ್ಬರದ ಮಾತು ಹಾಗೆ ಉಳಿದದ್ದು ಉಳಿದೇ ಹೋಯಿತು.

ಹನ್ನೊಂದನೇ ರಾತ್ರಿ,
ಊರಿಂದ ಊಟ ತರುವ ಹುಡುಗನಿಗೆ ಹೇಳಿ ತರಿಸಿದ ಬೀಜ,
ಔಷಧಿ ಚೀಟಿಯಲ್ಲಿ ಪೊಟ್ಟಣ.
ನಾನು ಅಂಗೈ ಒಡ್ಡಿದೆ.
ಅವರು ಆಗಷ್ಟೇ ಒರೆಸಿದ ನೆಲದ ಮೇಲಿಟ್ಟರು.
"ಮೆಣ್ಸಿನ್ಕಾಯ ಕೈಗೆ ಕೊಡ್ಬಾರ್ದು, ಜಗಳ ಆಯ್ತದೆ."
ಇದು ಬರೀ ಬೀಜ ಅಲ್ಲವೇ ಅಂದೆ.
"ಬೀಜದೊಳ್ಗೇ ಅಲ್ವಾ ಕಾಯಿ ಇರಾದು."
ನಗು ಬಂತು. ಹನ್ನೊಂದು ರಾತ್ರಿಯ ಪರಿಚಯದಲ್ಲಿ
ಜಗಳಕ್ಕಾದರೂ ಪುರುಸೊತ್ತೆಲ್ಲಿ?

ಮರುದಿನ ನನಗೆ ವಾರದ ರಜೆ.
ಅದರ ಮರುದಿನ ಹದಿನೇಳರಲ್ಲಿ
ಬೇರೆ ಯಾರದೋ ಕಾಲು, ಬೇರೆ ಕಂಬಳಿ.
ರಿಜಿಸ್ಟರ್ ತೆಗೆದು ನೋಡಬಹುದಿತ್ತು. ನೋಡಲಿಲ್ಲ.
ಮನೆಗೆ ಹೋದರು ಅನ್ನುವ ಮಾತನ್ನು
ನಾನೇ ಮಾಡಿ, ನಾನೇ ಇಟ್ಟುಕೊಂಡೆ.

ಒಂದು ರಾತ್ರಿ ನೆನೆದ ಬೀಜ
ಎಂಟನೇ ದಿನ ಮಣ್ಣನ್ನು ತಲೆಯಿಂದ ಎತ್ತಿತು.
ಗೊಬ್ಬರದ ಲೆಕ್ಕ ನನ್ನದೇ: ಮಣ್ಣಿಗೆ ಅರ್ಧ ಸಗಣಿ ಪುಡಿ, ಹಿಡಿ ಮರಳು,
ಮನೆಯೊಡತಿಯ ಒಲೆಯಿಂದ ಕೇಳದೆ ತಂದ ಬೂದಿ.
ಕುಡಿ ಚಿವುಟುವಾಗ ಕಣ್ಣು ಮುಚ್ಚಿದ್ದೆ.
ಸುಡುಬಿಸಿಲಲ್ಲಿ ಮೊದಲ ಹೂವೆಲ್ಲ ಉದುರಿ
ಇರುವೆಗಳು ಹೊತ್ತುಕೊಂಡು ಹೋದವು.
ಮತ್ತೆ ಬಿಟ್ಟಿತು, ಬೈಯದೆ.

ಕಬ್ಬು ಅರೆಯುವ ತಿಂಗಳು,
ಊರಿಗೆಲ್ಲ ಕಾಕಂಬಿಯ ಸಿಹಿ ನಾತ.
ಅದರ ನಡುವೆ ನನ್ನದೊಂದು ಕಾಯಿ, ಅರ್ಧ ಬೆರಳು.
ಅಲ್ಲೇ ನಿಂತು ಕಚ್ಚಿದೆ.
ಕಿವಿಯೊಳಗೆ ಹೊಗೆ, ಮೂಗಲ್ಲಿ ನೀರು.
ಇನ್ನೊಮ್ಮೆ ಕಚ್ಚಿದೆ.
ಆಮೇಲೆ ಅದೇ ಕೈಯಲ್ಲಿ ಕಣ್ಣೊರೆಸಿಕೊಂಡು
ತಾರಸಿಯ ತುಂಬ ಕುಣಿದದ್ದನ್ನು
ಎದುರು ಮನೆಯ ಹುಡುಗರು ಇನ್ನೂ ಮಾಡಿ ತೋರಿಸುತ್ತವೆ.

ಈಗ ಟಿಫಿನ್ನಿನಲ್ಲಿ ನಾಕು ಹೆಚ್ಚಿಗೆ ಒಯ್ಯುತ್ತೇನೆ.
ಆಸ್ಪತ್ರೆಯ ಸಪ್ಪೆ ಸಾರು ಉಣ್ಣುವ ಜೊತೆಯವರಿಗೆ
ಕಿಟಕಿಯ ಕಟ್ಟೆ ಮೇಲಿಟ್ಟು ಬರುತ್ತೇನೆ, ಕೈಗಲ್ಲ.

ಇನ್ನು ಏಳನೆಯದು.
ಎಲೆ ದೋಣಿಯ ಹಾಗೆ ಮುದುಡಿತು.
"ಮಜ್ಜಿಗೆ ಚುಮುಕ್ಸು, ಸರಿಯಾಯ್ತದೆ" ಅಂದಿದ್ದಿರಿ.
ಮೂರು ವಾರ ಚಿಮುಕಿಸಿದೆ, ಹುಳಿ ಮಜ್ಜಿಗೆ, ಬೇವಿನೆಣ್ಣೆ,
ಪಕ್ಕದ ಗಿಡದ ತುದಿಯೂ ಮಡಚಿದಂತೆ ಕಂಡ ದಿನ
ಬೇರುಸಹಿತ ಕಿತ್ತು ಚೀಲದ ಬಾಯಿ ಕಟ್ಟಿದೆ,
ವಾರ್ಡಿನಲ್ಲಿ ಕಟ್ಟುವ ಹಾಗೆ, ಎರಡು ಗಂಟು.

ಬೋರಪ್ಪಾರೇ,
ಆ ರೋಗ ಮಜ್ಜಿಗೆಗೆ ಹೋಗುವುದಿಲ್ಲ.
ನೀವು ಹೇಳಿದ್ದು ತಪ್ಪು.
ನೆಲದ ಮೇಲಿಟ್ಟರೂ ಹುಟ್ಟಿದ ಜಗಳ ಇದು,
ಬಂದು ಆಡಿ ಮುಗಿಸಿ ಹೋಗಿ.
ಬರುವಾಗ ಸಣ್ಣಮ್ಮನನ್ನೂ
ಕರೆದುಕೊಂಡು ಬನ್ನಿ.